ಕಡವಾಡದ ಪೇಟೆ, ಭಟ್ಕಳದ ಕೇರಿ

ಕಾರವಾರ ನಗರದ ಬೀದಿಗಳಿಗೆ ಹೆಚ್ಚು ವಯಸ್ಸಾಗಿಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಲಾಯಿತು. ಆ ಬಳಿಕವೇ ಮೀನುಗಾರರ ಸಣ್ಣ ಊರಾಗಿದ್ದ ಈ ಕಡಲತೀರವು ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಕಚೇರಿ, ನ್ಯಾಯಾಲಯ, ಬಂದರು, ಅವುಗಳ ನಡುವೆ ನೇರವಾಗಿ ಹಾಸಿದ ರಸ್ತೆಗಳು ಎಲ್ಲವೂ ಆ ಕಾಲದ ನಂತರದವು. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರಷ್ಟೇ. ಅವರು ಕಂಡ ಕಾರವಾರವು ಆಗ ತಾನೇ ಕಟ್ಟುತ್ತಿದ್ದ ಊರು.

ಹಾಗಾದರೆ ಇತಿಹಾಸದ ಪುಸ್ತಕಗಳಲ್ಲಿ ಬರುವ ಕಾರವಾರ ಯಾವುದು? ಬಿಜಾಪುರದ ಆದಿಲ್ ಶಾಹಿ ಫೌಜುದಾರರು ಆಳಿದ, ಇಂಗ್ಲಿಷರು ಕೋಠಿ ತೆರೆದ, ನವಿರಾದ ಮಸ್ಲಿನ್ ಬಟ್ಟೆ ಹಡಗೇರಿದ ಆ ಊರು ಕಾಳಿ ನದಿಯ ದಂಡೆಯಲ್ಲಿ, ಸಮುದ್ರದಿಂದ ಕೆಲವು ಕಿಲೋಮೀಟರ್ ಒಳಗೆ, ಇಂದಿನ ಕಡವಾಡದಲ್ಲಿತ್ತು. ಕಾರವಾರ ಎಂಬ ಹೆಸರೇ ಕಡವಾಡದ ರೂಪಾಂತರ. ಈಗ ಅಲ್ಲಿಗೆ ಹೋದವರಿಗೆ ತೋಟ, ಗದ್ದೆ, ಹೊಳೆ, ಹಳ್ಳಿಯ ಮನೆಗಳು ಕಾಣುತ್ತವೆ. ಪೇಟೆಬೀದಿ ಎಲ್ಲಿತ್ತೆಂದು ಬೊಟ್ಟು ಮಾಡಿ ತೋರಿಸುವುದು ಸುಲಭವಲ್ಲ.

ಪವಿತ್ರ ಕುರ್‌ಆನ್ ತನ್ನ ಓದುಗರನ್ನು ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಊರುಗಳಿಗೆ ಏನಾಯಿತೆಂದು ನೋಡುವಂತೆ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ನಾವು ಆ ವಚನಗಳನ್ನು ಓದುವಾಗ ಆದ್, ಸಮೂದ್ ಜನಾಂಗಗಳನ್ನೂ ದೂರದ ಮರುಭೂಮಿಗಳನ್ನೂ ನೆನೆಯುತ್ತೇವೆ. ನಮ್ಮದೇ ಜಿಲ್ಲೆಯಲ್ಲಿ ಅಂತಹ ಒಂದು ಪೇಟೆ ಮಣ್ಣಾಗಿದೆ ಎಂಬುದನ್ನು ನೆನೆಯುವವರು ಕಡಿಮೆ. ಅದೇ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಅಷ್ಟೇ ಪೆಟ್ಟು ತಿಂದರೂ ಅಳಿಯದೆ ಉಳಿದ ಕೇರಿಯೊಂದಿದೆ: ಭಟ್ಕಳದ ಹಳೆಯ ಪಟ್ಟಣ, ಅದರ ಸುಲ್ತಾನ್ ಸ್ಟ್ರೀಟ್ ಮತ್ತು ಸುತ್ತಲಿನ ಓಣಿಗಳು. ಒಂದು ಏಕೆ ಅಳಿಯಿತು, ಇನ್ನೊಂದು ಏಕೆ ಉಳಿಯಿತು ಎಂಬುದೇ ಈ ಲೇಖನದ ಪ್ರಶ್ನೆ.

ಮೊದಲು ಕಡವಾಡದ ಕಥೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಬರಹಗಳಲ್ಲಿ ಕಾಳಿ ನದಿಯ ಮುಖದಲ್ಲಿರುವ ಚಿತ್ತಾಕುಲದ ಹೆಸರು ಬರುತ್ತದೆ. ಅದು ನದಿಯ ಉತ್ತರ ದಂಡೆ, ಈಗಿನ ಸದಾಶಿವಗಡದ ಕಡೆ. ಕಡವಾಡದ ಏಳಿಗೆ ಅದಕ್ಕಿಂತ ತಡವಾಗಿ ಬಂದಿತು. 1638ರಲ್ಲಿ ಸರ್ ವಿಲಿಯಂ ಕೋರ್ಟೀನನ ಇಂಗ್ಲಿಷ್ ವರ್ತಕ ಸಂಘ ಅಲ್ಲಿ ಕೋಠಿ ತೆರೆಯಿತು. ಘಟ್ಟದ ಮೇಲೆ ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿ ಸಾವಿರಾರು ನೇಕಾರರು ನೆಯ್ದ ಬಟ್ಟೆ ಎತ್ತುಗಳ ಬೆನ್ನ ಮೇಲೆ ಇಳಿದು ಬರುತ್ತಿತ್ತು. ಕಾಳುಮೆಣಸು, ಏಲಕ್ಕಿ, ದಾಲ್ಚಿನ್ನಿ ಜಾತಿಯ ತೊಗಟೆ ಬರುತ್ತಿದ್ದವು. ಪಶ್ಚಿಮ ಕರಾವಳಿಯ ಅತ್ಯುತ್ತಮ ಮಸ್ಲಿನ್ ಇಲ್ಲಿಂದ ಹೋಗುತ್ತದೆ ಎಂಬ ಹೆಸರು ಅದಕ್ಕಿತ್ತು.

ಹಣ ಇದ್ದಲ್ಲಿಗೆ ಸೇನೆಗಳು ಬಂದವು. 1665ರಲ್ಲಿ ಶಿವಾಜಿ ಮಹಾರಾಜರು ದಂಡೆತ್ತಿ ಬಂದಾಗ ಪೇಟೆಯವರು ಕಾಣಿಕೆ ತೆತ್ತು ಪಾರಾದರು. ಇಂಗ್ಲಿಷರ ಪಾಲಿಗೆ ಬಂದದ್ದು 112 ಪೌಂಡು. 1670ರ ದಶಕದಲ್ಲಿ ಬಿಜಾಪುರದ ಫೌಜುದಾರನೇ ತನ್ನ ದೊರೆಗೆ ತಿರುಗಿಬಿದ್ದು ಇಂಗ್ಲಿಷ್ ಕೋಠಿಗೆ ಮುತ್ತಿಗೆ ಹಾಕಿದ. ಸ್ವಲ್ಪ ಸಮಯದಲ್ಲೇ ಶಿವಾಜಿಯ ಸೈನಿಕರು ಪಟ್ಟಣವನ್ನು ಸುಟ್ಟರು. 1697ರಲ್ಲಿ ಮರಾಠಾ ಪಡೆಗಳು ಮತ್ತೊಮ್ಮೆ ಹಾಳುಗೆಡವಿದವು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸೋದೆಯ ಅರಸರು ಹಳೆಯ ಕೋಟೆಯನ್ನು ಕೆಡವಿ ನದಿಯ ಆಚೆ ಸದಾಶಿವಗಡವನ್ನು ಕಟ್ಟಿದರು. 1720ರಲ್ಲಿ ಇಂಗ್ಲಿಷರು ಕೋಠಿ ಮುಚ್ಚಿದರು, ಮೂವತ್ತು ವರ್ಷಗಳ ನಂತರ ಮರಳಿದರು. 1752ರಲ್ಲಿ ಪೋರ್ಚುಗೀಸರು ಸದಾಶಿವಗಡವನ್ನು ಹಿಡಿದು ವ್ಯಾಪಾರವೆಲ್ಲ ತಮ್ಮದೆಂದಾಗ ಇಂಗ್ಲಿಷರು ಮತ್ತೆ ಹೊರಟರು. ಹೀಗೆ ಬರುವವರು ಬಂದರು, ಹೋಗುವವರು ಹೋದರು. ಪ್ರತಿ ಸಲ ಹೋದವರ ಹಿಂದೆ ದಲ್ಲಾಳಿ, ದುಭಾಷಿ, ಹಮಾಲಿ, ದೋಣಿಯವನು ಎಲ್ಲರೂ ಹೊಟ್ಟೆಪಾಡಿಗಾಗಿ ಚದುರಿರಬೇಕು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ ಮೇಲೆ ಈ ಕರಾವಳಿ ಮೈಸೂರಿನ ಕೈಸೇರಿತು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಕಂಪನಿ ಸೇನೆ ಬೊಂಬಾಯಿಯಿಂದ ಬಂದು ಹೊನ್ನಾವರದ ಕೋಟೆಯನ್ನು ರಕ್ತಪಾತದೊಂದಿಗೆ ವಶಪಡಿಸಿಕೊಂಡಿತು. ಮುಂದೆ ಟಿಪ್ಪು ಸುಲ್ತಾನರು ತಮ್ಮ ನೌಕಾಪಡೆಗೆ ಮೂರು ನೆಲೆಗಳನ್ನು ಯೋಜಿಸಿದಾಗ ಮಂಗಳೂರಿನ ಜೊತೆಗೆ ಸದಾಶಿವಗಡವನ್ನೂ ಆರಿಸಿ ಅದಕ್ಕೆ ಮಜೀದಾಬಾದ್ ಎಂದು ಹೆಸರಿಟ್ಟರು. 1799ರಲ್ಲಿ ಅವರು ಶಹೀದರಾದರು; ಯೋಜನೆ ಕಾಗದದಲ್ಲೇ ನಿಂತಿತು. ಇಂದು ಅದೇ ಕರಾವಳಿಯಲ್ಲಿ, ಕಾರವಾರದ ದಕ್ಷಿಣಕ್ಕೆ, ಭಾರತೀಯ ನೌಕಾಪಡೆಯ ಕದಂಬ ನೆಲೆ ಇದೆ. ಜಾಗದ ಬೆಲೆಯನ್ನು ಸುಲ್ತಾನರು ಸರಿಯಾಗಿಯೇ ಅಳೆದಿದ್ದರು.

ಅವರ ನಂತರ ಕಂಪನಿ ಸರ್ಕಾರ ಗೆದ್ದ ನಾಡನ್ನು ಅಳೆದು ತೂಗಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಆತ 1801ರ ಆರಂಭದಲ್ಲಿ ಮಂಗಳೂರಿನಿಂದ ಉತ್ತರಕ್ಕೆ ಕರಾವಳಿಯುದ್ದಕ್ಕೂ ಬಂದ. ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲಾ ದಾಟಿ ಸದಾಶಿವಗಡ ತಲುಪಿ, ಅಲ್ಲಿಂದ ಘಟ್ಟ ಹತ್ತಿದ. ಒಬ್ಬನೇ ಮನುಷ್ಯ, ಒಂದೇ ಋತು, ಎರಡೂ ಊರುಗಳ ಬಗ್ಗೆ ಬರೆದಿದ್ದಾನೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಕಡವಾಡದ ಬಗ್ಗೆ ಆತ ಹೇಳುವುದು ಸ್ವಲ್ಪ: ಹಿಂದೆ ಯುರೋಪಿನವರ ವ್ಯಾಪಾರಕ್ಕೆ ಹೆಸರಾದ ಸ್ಥಳ, ಸುಲ್ತಾನನ ಆಳ್ವಿಕೆಯಲ್ಲಿ ಪೂರ್ತಿ ಹಾಳಾಗಿದೆ. ಈ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಬುಕಾನನ್ ಕಂಪನಿಯ ಸಂಬಳದ ನೌಕರ. ಸೋತ ಸುಲ್ತಾನನ ಮೇಲೆ ಹೊರೆ ಹೊರಿಸುವುದು ಆ ಕಾಲದ ಕಂಪನಿ ಬರಹಗಾರರ ಅಭ್ಯಾಸವಾಗಿತ್ತು. ಮೇಲಿನ ಇಸವಿಗಳನ್ನು ಒಮ್ಮೆ ಓದಿದರೆ ಪೇಟೆಯ ಅಳಿವು ಟಿಪ್ಪು ಹುಟ್ಟುವ ಮೊದಲೇ ಆರಂಭವಾಗಿತ್ತೆಂದು ತಿಳಿಯುತ್ತದೆ. ಆದರೆ 1801ರಲ್ಲಿ ಪೇಟೆ ಇರಲಿಲ್ಲ ಎಂಬ ಅವನ ಕಣ್ಣಿನ ಸಾಕ್ಷಿಯನ್ನು ಅಲ್ಲಗಳೆಯಲಾಗದು. ಮೈಸೂರಿನ ಯುದ್ಧಗಳು ಅದಕ್ಕೆ ನೆರವಾಗಲಿಲ್ಲ ಎಂಬುದೂ ನಿಜ.

ಭಟ್ಕಳದ ಬಗ್ಗೆ ಆತ ಬರೆದದ್ದು ಬೇರೆ ರೀತಿಯದು. ಊರಿನಲ್ಲಿ 500 ಮನೆಗಳಿದ್ದವು. ಅನೇಕ ದೇವಾಲಯಗಳಿದ್ದವು. ಎರಡು ಮಸೀದಿಗಳಿದ್ದು, ಎರಡಕ್ಕೂ ಸರ್ಕಾರದಿಂದ ಹಣದ ಅನುದಾನ ಬರುತ್ತಿತ್ತು. ಆ ಮಸೀದಿಗಳ ಸುತ್ತ ಮುಸ್ಲಿಮರೇ ವಾಸಿಸುವ ಕೇರಿಯೊಂದಿತ್ತು. ಅವರಲ್ಲಿ ಅನೇಕರು ಸ್ಥಿತಿವಂತರು, ವ್ಯಾಪಾರಕ್ಕಾಗಿ ಕರಾವಳಿಯ ಬೇರೆ ಬೇರೆ ಕಡೆಗಳಿಗೆ ಹೋಗುವವರು. ಆದರೆ ಅವರ ಮನೆ ಇದೇ, ಅವರು ಸಂಸಾರವನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆ ಎಂದು ಆತ ಗಮನಿಸಿದ್ದಾನೆ.

ಈ ಕೊನೆಯ ಸಂಗತಿಯನ್ನು ಆತ ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ನನ್ನ ಮಟ್ಟಿಗೆ ಇಡೀ ಉತ್ತರ ಅದರಲ್ಲಿದೆ. ಕಡವಾಡದಲ್ಲಿ ಸರಕು ಇತ್ತು, ಸರಕನ್ನು ಕಾಯುವವರಿದ್ದರು. ಭಟ್ಕಳದಲ್ಲಿ ಗಂಡಸರು ಸರಕಿನ ಹಿಂದೆ ಹೋದರು, ಮನೆ ನಿಂತಿತ್ತು.

ಭಟ್ಕಳ ಕಡಿಮೆ ಕಷ್ಟ ಕಂಡ ಊರಲ್ಲ. ಶರಾಬಿ ಹೊಳೆಯ ದಂಡೆಯ ಈ ಬಂದರು ವಿಜಯನಗರ ಸಾಮ್ರಾಜ್ಯದ ಮುಖ್ಯ ಬಾಗಿಲುಗಳಲ್ಲಿ ಒಂದಾಗಿತ್ತು. ಹೊರ್ಮುಝ್‌ನಿಂದ ಅರಬೀ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ, ಸಾಂಬಾರ ಪದಾರ್ಥ ಹೊರಡುತ್ತಿದ್ದವು. ಹದಿನಾರನೆಯ ಶತಮಾನದ ಮೊದಲ ದಶಕದಲ್ಲಿ ಬಂದ ಇಟಲಿಯ ವಾರ್ತೇಮನೂ, ಅವನ ನಂತರ ಪೋರ್ಚುಗೀಸ್ ಅಧಿಕಾರಿ ಬಾರ್ಬೋಸನೂ ಇಲ್ಲಿನ ಮುಸ್ಲಿಂ ವರ್ತಕರನ್ನೂ ಸಕ್ಕರೆಯ ರಾಶಿಯನ್ನೂ ಉಲ್ಲೇಖಿಸಿದ್ದಾರೆ.

ಕುದುರೆ ವ್ಯಾಪಾರವೇ ಒಮ್ಮೆ ಕುತ್ತಿಗೆಗೆ ಬಂದಿತು. ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ ವೈರ. ಹೊನ್ನಾವರ, ಭಟ್ಕಳಗಳ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂದು ಸಿಟ್ಟಾದ ವಿಜಯನಗರದ ಅರಸ ಅವರನ್ನು ಕೊಲ್ಲುವಂತೆ ತನ್ನ ಸಾಮಂತನಿಗೆ ಆಜ್ಞೆಯಿತ್ತ ಎಂದು ಪೋರ್ಚುಗೀಸ್ ಚರಿತ್ರೆಕಾರರು ಬರೆಯುತ್ತಾರೆ. ಸತ್ತವರು ಹತ್ತು ಸಾವಿರ ಎಂಬುದು ಅವರ ಲೆಕ್ಕ. ಘಟನೆ ನಡೆದು ದಶಕಗಳಾದ ಮೇಲೆ ಬಂದವರು ಕೇಳಿ ಬರೆದ ಸಂಖ್ಯೆ ಅದು. ಹತ್ತು ಸಾವಿರ ಎಂದರೆ ಬಹಳ ಜನ ಎಂದು ತಿಳಿದರೆ ಸಾಕು. ಬದುಕುಳಿದವರು ಗೋವೆಗೆ ಓಡಿ, 1479ರ ಹೊತ್ತಿಗೆ ಮಾಂಡೋವಿ ನದಿಯ ದಂಡೆಯ ಏಲಾದಲ್ಲಿ ನೆಲೆನಿಂತರು. ಇಂದು ಹಳೆಯ ಗೋವಾ ಎಂದು ಕರೆಯುವ ನಗರದ ಏಳಿಗೆಯಲ್ಲಿ ಈ ನಿರಾಶ್ರಿತರ ಪಾಲು ದೊಡ್ಡದು. 1510ರಲ್ಲಿ ಅಲ್ಬುಕರ್ಕ್ ಆ ನಗರವನ್ನು ಗೆದ್ದು ಅಲ್ಲಿನ ಮುಸ್ಲಿಮರನ್ನು ಕೊಲ್ಲಿಸಿದ. ಒಂದೇ ತಲೆಮಾರಿನಲ್ಲಿ ಎರಡು ಸಲ.

ಈ ಕಥೆಯನ್ನು ಕೇವಲ ಧರ್ಮಗಳ ಜಗಳವಾಗಿ ಹೇಳುವವರು ಇದ್ದಾರೆ. ಅದು ಸರಿಯಲ್ಲವೆಂದು ನನಗನಿಸುತ್ತದೆ. ಕುದುರೆ ಆ ಕಾಲದ ಶಸ್ತ್ರಾಸ್ತ್ರ. ಶತ್ರುವಿಗೆ ಅದು ಸಿಗಬಾರದೆಂಬುದು ಅರಸರ ಲೆಕ್ಕಾಚಾರ, ಸತ್ತವರು ಆ ಲೆಕ್ಕಾಚಾರಕ್ಕೆ ಬಲಿಯಾದ ವರ್ತಕ ಕುಟುಂಬಗಳು. ಅದೇ ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸೈನಿಕರೂ ಇದ್ದರು. ಅದೇ ಭಟ್ಕಳಕ್ಕೆ ವರ್ತಕರು ಮರಳಿ ಬಂದರು. ಮರಳದಿದ್ದರೆ ವಾರ್ತೇಮ, ಬಾರ್ಬೋಸರು ಅವರನ್ನು ಅಲ್ಲಿ ಕಾಣುತ್ತಿರಲಿಲ್ಲ.

ಆಮೇಲೆ ಪೋರ್ಚುಗೀಸರ ಸರದಿ. 1502ರಲ್ಲಿ ವಾಸ್ಕೋ ಡ ಗಾಮ ತನ್ನ ಎರಡನೆಯ ಯಾತ್ರೆಯಲ್ಲಿ ಭಟ್ಕಳದ ಮೇಲೆ ದಾಳಿ ಮಾಡಿ, ಊರಿನ ಮೇಲೆ ವರ್ಷಕ್ಕಿಷ್ಟು ಮೂಟೆ ಅಕ್ಕಿಯ ಕಪ್ಪ ಹೇರಿದ. 1542ರಲ್ಲಿ ಗವರ್ನರ್ ಮಾರ್ತಿಂ ಅಫೊನ್ಸೊ ಡ ಸೋಜ ಕಪ್ಪ ಬಾಕಿಯ ನೆಪದಲ್ಲಿ ಬಂದು, ಇಲ್ಲಿ ಆಳುತ್ತಿದ್ದ ರಾಣಿಯ ಪಡೆಯನ್ನು ಸೋಲಿಸಿ ಊರನ್ನು ಲೂಟಿ ಮಾಡಿ ಸುಟ್ಟ. ಲೂಟಿ ಹಂಚಿಕೊಳ್ಳುವಾಗ ಅವನ ಸೈನಿಕರೇ ತಮ್ಮತಮ್ಮಲ್ಲಿ ಬಡಿದಾಡಿಕೊಂಡರಂತೆ. ಸುಟ್ಟ ಊರಿನಲ್ಲಿ ಜೈನ ವರ್ತಕರ ಅಂಗಡಿಗಳೂ ಕೊಂಕಣಿಗರ ಮನೆಗಳೂ ನವಾಯತರ ಮನೆಗಳೂ ಇದ್ದವು. ಬೆಂಕಿ ಕೇರಿ ನೋಡಿ ಹತ್ತುವುದಿಲ್ಲ.

ಕೆಳದಿಯ ನಾಯಕರ ಕಾಲದಲ್ಲಿ ಇಂಗ್ಲಿಷರು ಇಲ್ಲಿಗೂ ಬಂದರು. 1637ರಲ್ಲಿ ವೆಡೆಲ್ ಎಂಬ ಕಪ್ತಾನನ ಹಡಗುಗಳು ಭಟ್ಕಳದಲ್ಲಿ ನಿಂತವು. ಅವನ ಜೊತೆಗಿದ್ದ ಪೀಟರ್ ಮಂಡಿ ಇಕ್ಕೇರಿಯವರೆಗೆ ಹೋಗಿ ಬಂದು ಪ್ರವಾಸ ಕಥನ ಬರೆದಿಟ್ಟ. ಅದೂ ಕೋರ್ಟೀನನ ಸಂಘವೇ, ಮರುವರ್ಷ ಕಡವಾಡದಲ್ಲಿ ಕೋಠಿ ತೆರೆದ ಅದೇ ಸಂಘ. ಭಟ್ಕಳದಲ್ಲಿ ಅವರ ಕೋಠಿ ಬೇರೂರಲಿಲ್ಲ. ಉಳಿದಿರುವುದು ಆ ವರ್ಷಗಳಲ್ಲಿ ಸತ್ತ ಕೆಲವು ಇಂಗ್ಲಿಷರ ಸಮಾಧಿಗಳು ಮಾತ್ರ. ಕೋಠಿ ಬೇರೂರದೆ ಇದ್ದದ್ದು ಊರಿಗೆ ನಷ್ಟವಾಗಲಿಲ್ಲ. ಕಡವಾಡ ಕೋಠಿಯನ್ನು ನಂಬಿ ಬೆಳೆಯಿತು, ಕೋಠಿ ಹೋದಾಗ ಕುಸಿಯಿತು.

ಸುಲ್ತಾನ್ ಸ್ಟ್ರೀಟ್ ಎಂಬ ಹೆಸರು ಮೈಸೂರಿನ ಆಳ್ವಿಕೆಯನ್ನು, ಜನರ ಮಾತಿನಲ್ಲಿ ಟಿಪ್ಪು ಸುಲ್ತಾನರನ್ನು, ನೆನಪಿಸುತ್ತದೆ. ಅಲ್ಲಿನ ಸುಲ್ತಾನಿ ಮಸೀದಿಯ ಹೆಸರೂ ಹಾಗೆಯೇ. ಇದಕ್ಕಿಂತ ಹಳೆಯದು ಜಾಮಿಯಾ ಮಸೀದಿ. ಅದರ ಶಿಖರದ ಮೇಲಿನ ಬಂಗಾರದ ಕಲಶದಿಂದಾಗಿ ಊರವರು ಅದನ್ನು ಚಿನ್ನದ ಪಳ್ಳಿ ಎನ್ನುತ್ತಾರೆ. ಈ ಹೆಸರನ್ನು ಸ್ವಲ್ಪ ಗಮನಿಸಿ: ನವಾಯತರ ಮನೆಮಾತು ಕೊಂಕಣಿಗೆ ಹತ್ತಿರವಾದ, ಅರಬೀ ಮತ್ತು ಪಾರಸೀ ಪದಗಳು ಬೆರೆತ, ಪಾರಸೀ ಲಿಪಿಯಲ್ಲಿ ಬರೆಯುವ ನವಾಯತಿ. ಅವರ ಮುಖ್ಯ ಮಸೀದಿಯ ಹೆಸರು ಮಾತ್ರ ಅಚ್ಚ ಕನ್ನಡದ್ದು. ಚಿನ್ನವೂ ಕನ್ನಡ, ಪಳ್ಳಿ ಜೈನರ, ಬೌದ್ಧರ ಕಾಲದಿಂದ ದಕ್ಷಿಣದಲ್ಲಿ ಆರಾಧನಾ ಸ್ಥಳಕ್ಕೆ ಬಳಸಿದ ಪದ. ಬುಕಾನನ್ ಕಂಡ ಎರಡು ಮಸೀದಿಗಳು ಇವೇ ಇರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಮನೆತನಗಳ ಹೆಸರುಗಳೂ ದಾಖಲೆಗಳೇ. ಶಾಬಂದ್ರಿ ಎಂಬುದು ಶಾಹ್ ಬಂದರ್ ಎಂಬ ಪಾರಸೀ ಹುದ್ದೆಯಿಂದ ಬಂದದ್ದು, ಎಂದರೆ ಬಂದರಿನ ಮುಖ್ಯಸ್ಥ. ಖತೀಬ್ ಎಂದರೆ ಜುಮಾ ಖುತ್ಬಾ ನೀಡುವವರ ಮನೆತನ, ಕಾಝಿಯಾ ಎಂದರೆ ಕಾಝಿಗಳ ಮನೆತನ. ಬಂದರು, ಮಿಂಬರ್, ನ್ಯಾಯಪೀಠ ಎಂಬ ಮೂರು ಹುದ್ದೆಗಳು ಒಂದು ಕೇರಿಯ ಬಾಗಿಲುಗಳ ಮೇಲಿನ ಹೆಸರಾಗಿ ನಿಂತಿವೆ. ನವಾಯತ ಎಂಬ ಪದಕ್ಕೆ ಹೊಸದಾಗಿ ಬಂದವರು ಎಂಬ ಅರ್ಥವನ್ನೂ, ನಾವಿಕರು ಎಂಬ ಅರ್ಥವನ್ನೂ ಹೇಳುತ್ತಾರೆ. ಹಜ್ಜಾಜ್ ಬಿನ್ ಯೂಸುಫನ ಕಿರುಕುಳ ತಾಳದೆ ಇರಾಕಿನಿಂದ ಬಂದವರೆಂಬ ಕಥೆಯೂ ಇದೆ. ಕಥೆಯಾಗಿ ಅದು ಸೊಗಸು. ಆದರೆ ಈ ಜನರ ಹಿರಿಮೆಗೆ ಇರಾಕಿನ ವಂಶಾವಳಿ ಬೇಕಿಲ್ಲ. ಹದಿನೈದನೆಯ ಶತಮಾನದ ಆರಂಭದಲ್ಲೇ ಕುರ್‌ಆನಿಗೆ ಅರಬಿಯಲ್ಲಿ ತಫ್ಸೀರ್ ಬರೆದ ಮಾಹಿಮಿನ ಮಖ್ದೂಮ್ ಅಲಿಯವರು ಇದೇ ನವಾಯತ ಸಮುದಾಯದವರು. ಭಟ್ಕಳದ ಮಖ್ದೂಮ್ ಕಾಲೊನಿಯ ಹೆಸರು ಇಲ್ಲಿನ ಇನ್ನೊಬ್ಬ ವಿದ್ವಾಂಸರಾದ ಮಖ್ದೂಮ್ ಫಕೀಹ್ ಇಸ್ಮಾಯೀಲ್ ಸುಕ್ರಿಯವರನ್ನು ನೆನಪಿಸುತ್ತದೆ.

ಮನೆ ನಿಂತಿತ್ತು ಎಂದೆ. ಮನೆಯನ್ನು ನಿಲ್ಲಿಸಿದವರು ಯಾರು? ಇದಕ್ಕೆ ಉತ್ತರ ಹುಡುಕಲು ಭಟ್ಕಳದಿಂದ ಸ್ವಲ್ಪ ಉತ್ತರಕ್ಕೆ, ಹೊನ್ನಾವರಕ್ಕೆ, 1342ರ ಸುಮಾರಿಗೆ ಹೋಗಬೇಕು. ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ಆಗ ಅಲ್ಲಿಗೆ ಬಂದಿದ್ದರು. ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್ ಅಲ್ಲಿ ಆಳುತ್ತಿದ್ದ. ಅವನು ಸ್ವತಂತ್ರನಲ್ಲ, ಹರಿಯಬ್ ಎಂಬ ಹಿಂದೂ ಅರಸನಿಗೆ ಅಧೀನ. ಆ ಅರಸನನ್ನು ವಿಜಯನಗರದ ಹರಿಹರನೆಂದು ವಿದ್ವಾಂಸರು ಗುರುತಿಸುತ್ತಾರೆ. ಊರಿನವರು ಶಾಫಿಈ ಮದ್‌ಹಬಿನವರು. ಇಬ್ನ್ ಬತೂತಾರನ್ನು ಬೆರಗುಗೊಳಿಸಿದ್ದು ಸುಲ್ತಾನನ ಹಡಗುಗಳಿಗಿಂತ ಮಿಗಿಲಾಗಿ ಇಲ್ಲಿನ ಹೆಂಗಸರು. ಅವರೆಲ್ಲ ಕುರ್‌ಆನ್ ಕಂಠಪಾಠ ಮಾಡಿದವರು ಎಂದು ಅವರು ಬರೆದಿದ್ದಾರೆ. ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದವೆಂದೂ, ಇಂತಹುದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಹೇಳಿದ್ದಾರೆ. ಟ್ಯಾಂಜಿಯರಿನಿಂದ ಮಕ್ಕಾ, ದಮಾಸ್ಕಸ್, ದೆಹಲಿಗಳನ್ನು ನೋಡಿ ಬಂದವರ ಮಾತು ಇದು.

ಹೊನ್ನಾವರದ ಆ ಶಾಲೆಗಳು ಎಲ್ಲಿದ್ದವೋ, ಇಂದು ಗುರುತಿಲ್ಲ. ಆದರೆ ಅದೇ ಕರಾವಳಿಯ ಅದೇ ಶಾಫಿಈ ಸಮುದಾಯದ ಭಟ್ಕಳದ ಮನೆಗಳಲ್ಲಿ ಆ ರೂಢಿಯ ಎಳೆ ಕಾಣುತ್ತದೆ. ವಿಕ್ಟರ್ ಡಿಸೋಜ ಎಂಬ ಸಮಾಜಶಾಸ್ತ್ರಜ್ಞರು ನವಾಯತರ ಕುರಿತು ಬರೆದ ಅಧ್ಯಯನವನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1955ರಲ್ಲಿ ಪ್ರಕಟಿಸಿತು. ನಮ್ಮ ಮನೆಗಳ ಬಗ್ಗೆ ಆಸಕ್ತಿಯಿರುವವರು ಅದನ್ನು ಹುಡುಕಿ ಓದಬೇಕು. ಮದುವೆಯ ನಂತರ ಗಂಡು ಹೆಂಡತಿಯ ತವರಿಗೆ ಬಂದು ಹೋಗುವ, ಮಗಳಿಗೆ ತವರಿನಲ್ಲೇ ಕೋಣೆ ಮೀಸಲಿರುವ ಪದ್ಧತಿ ಇಲ್ಲಿ ಬಹುಕಾಲ ಇತ್ತು. ಗಂಡ ಹಡಗಿನಲ್ಲೋ ಪರವೂರಿನ ಅಂಗಡಿಯಲ್ಲೋ ವರ್ಷಗಟ್ಟಲೆ ಇರುವಾಗ ಹೆಣ್ಣು ಅತ್ತೆಮನೆಯಲ್ಲಿ ಒಂಟಿಯಾಗುವುದಕ್ಕಿಂತ ತಾಯಿ, ಅಕ್ಕತಂಗಿಯರ ಜೊತೆ ಇರುವುದು ಸಹಜ ಏರ್ಪಾಡು. ಓಣಿಯ ಹಳೆಯ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿದ್ದು, ಹೆಂಗಸರು ಬೀದಿಗಿಳಿಯದೆ ಒಳಬಾಗಿಲಿನಿಂದಲೇ ನೆರೆಮನೆಗೆ ಹೋಗಿಬರುವ ಅನುಕೂಲವಿತ್ತು. ಹೊರಗೆ ಗಂಡಸರ ಬೀದಿ, ಒಳಗೆ ಹೆಂಗಸರ ಇನ್ನೊಂದು ಬೀದಿ.

ಶರೀಅತ್ತಿನಲ್ಲಿ ಮಗಳಿಗೆ ತಂದೆಯ ಆಸ್ತಿಯಲ್ಲಿ ನಿಗದಿತ ಪಾಲಿದೆ, ಮಹರ್ ಅವಳದೇ ಸ್ವತ್ತು. ಇವೆರಡೂ ಕಾಗದದಲ್ಲಿ ಮಾತ್ರ ಉಳಿದ ಊರುಗಳು ಎಷ್ಟಿಲ್ಲ! ಹೆಣ್ಣು ತನ್ನ ತವರಿನ ಮನೆಯಲ್ಲೇ ನೆಲೆಸಿರುವಲ್ಲಿ ಅವಳ ಪಾಲನ್ನು ಕಸಿಯುವುದು ಕಷ್ಟ. ಬಂದರು ಕೆಸರು ತುಂಬಿ ಹಡಗು ನಿಂತರೂ, ವ್ಯಾಪಾರ ಬೇರೆ ಊರಿಗೆ ಹೋದರೂ, ಗಂಡಸು ಮರಳಿ ಬರಬೇಕಾದದ್ದು ಈ ಓಣಿಗೇ. ಇದು ನನ್ನ ಅನುಮಾನವೇ ಹೊರತು ಬುಕಾನನ್ ಹೇಳಿದ್ದಲ್ಲ. ಆದರೆ ಆತ ಬರೆದ ಆ ಒಂದು ಸಾಲಿಗೆ ಇದಕ್ಕಿಂತ ಸಮಂಜಸವಾದ ವಿವರಣೆ ನನಗೆ ತೋಚಿಲ್ಲ.

ಈ ಕೇರಿ ಒಂಟಿಯಾಗಿ ನಿಂತಿರಲಿಲ್ಲ ಎಂಬುದನ್ನೂ ಹೇಳಬೇಕು. ಕೆಲವೇ ಹೆಜ್ಜೆಗಳ ಅಂತರದಲ್ಲಿ ಚಂದ್ರನಾಥೇಶ್ವರ ಬಸದಿ ಇದೆ, ಶಿಲ್ಪಗಳಿಗೆ ಹೆಸರಾದ ಕೇತಪೈ ನಾರಾಯಣ ದೇವಾಲಯ ಇದೆ. ಚನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ಮುನ್ನ ದೇವಾಲಯದವರು ಒಂದು ನವಾಯತ ಮನೆತನದ ಮನೆಗೆ ಬಂದು ಗೌರವದಿಂದ ಆಹ್ವಾನ ನೀಡುವ ಸಂಪ್ರದಾಯ ಈಗಲೂ ನಡೆದಿದೆ. 1993ರಲ್ಲಿ ತಿಂಗಳುಗಟ್ಟಲೆ ನಡೆದ ಗಲಭೆಯಲ್ಲಿ ಎರಡೂ ಸಮುದಾಯಗಳ ಮನೆಗಳಲ್ಲಿ ಸಾವು ಸಂಭವಿಸಿತು. ಪೋರ್ಚುಗೀಸರ ಬೆಂಕಿಯ ನಂತರ ಊರನ್ನು ಅಷ್ಟು ಅಲ್ಲಾಡಿಸಿದ್ದು ಇನ್ನೊಂದಿಲ್ಲ. ಅದರ ನಂತರವೂ ಆ ಆಹ್ವಾನ ನಿಲ್ಲಲಿಲ್ಲ. ಭಟ್ಕಳದ ಹೆಸರು ಬಂದೊಡನೆ ಮುಖ ಗಂಟಿಕ್ಕುವ ಹೊರಗಿನ ಪತ್ರಿಕೆಗಳಲ್ಲಿ ಇಂತಹ ಸುದ್ದಿಗೆ ಜಾಗ ಸಿಗುವುದು ಅಪರೂಪ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳೆಯ ಓಣಿಗಳ ಜನ ಕೊಲ್ಕತ್ತಾ, ಮದರಾಸು, ಬೊಂಬಾಯಿ, ಕೊಲಂಬೊಗಳಲ್ಲಿ ಬಟ್ಟೆ ಅಂಗಡಿಗಳನ್ನಿಟ್ಟು ದುಡಿಯುತ್ತಿದ್ದರು. ಆ ದುಡಿಮೆಯ ಒಂದು ಪಾಲು ಊರಿಗೆ ಮರಳಿ ಸಂಸ್ಥೆಗಳಾಯಿತು: 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್, 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್, 1962ರಲ್ಲಿ ಜಾಮಿಯಾ ಇಸ್ಲಾಮಿಯಾ. ಹೆಣ್ಣುಮಕ್ಕಳ ಉನ್ನತ ಧಾರ್ಮಿಕ ಶಿಕ್ಷಣಕ್ಕೆ ಜಾಮಿಅತುಸ್ಸಾಲಿಹಾತ್ ಬಂದಿತು. ಇಬ್ನ್ ಬತೂತಾ ಎಣಿಸಿದ 13 ಶಾಲೆಗಳ ಪಟ್ಟಿಗೆ ಆರು ಶತಮಾನಗಳ ನಂತರ ಸೇರಿದ ಇನ್ನೊಂದು ಹೆಸರೆಂದು ಇದನ್ನು ಓದಬಹುದು.

1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳ ದಾರಿ ತೆರೆದುಕೊಂಡಿತು. ಇಲ್ಲಿಯೇ ಹಳೆಯ ಸೂತ್ರ ಸಡಿಲವಾಗತೊಡಗಿತು. ಮೊದಲು ಗಂಡಸರು ಹೋಗುತ್ತಿದ್ದರು, ಮನೆ ನಿಲ್ಲುತ್ತಿತ್ತು. ಈಗ ದುಬೈ, ದಮ್ಮಾಮ್, ಜಿದ್ದಾಗಳಿಗೆ ಸಂಸಾರವೇ ಹೋಗುತ್ತದೆ. ಅದು ತಪ್ಪಲ್ಲ, ಗಂಡಹೆಂಡಿರು ಜೊತೆಯಾಗಿ, ಮಕ್ಕಳು ತಂದೆಯ ಕಣ್ಣೆದುರು ಬೆಳೆಯುವುದು ಒಳ್ಳೆಯದೇ. ಊರಿಗೆ ಮರಳಿದವರು ಹೆದ್ದಾರಿಯ ಆಚೆಯ ಹೊಸ ಬಡಾವಣೆಗಳಲ್ಲಿ, ಕಾರು ನಿಲ್ಲುವಷ್ಟು ಅಂಗಳವಿರುವ ಮನೆ ಕಟ್ಟುತ್ತಾರೆ. ಹಳೆಯ ಓಣಿಯ ಮನೆ ಹತ್ತು ಹದಿನೈದು ವಾರಸುದಾರರ ಹೆಸರಿನಲ್ಲಿ ಬೀಗ ಹಾಕಿಕೊಂಡಿರುತ್ತದೆ. ಪಾಲು ಮಾಡದೆ ಬಿಟ್ಟ ಮನೆಗೆ ಹಂಚು ಹೊದಿಸುವವರಿಲ್ಲ. ಎರಡು ಮಳೆಗಾಲ ಕಳೆದರೆ ಮಣ್ಣಿನ ಗೋಡೆ ಬಾಯ್ತೆರೆಯುತ್ತದೆ. ಫರಾಇದ್‌ನ ನಿಯಮದಂತೆ ಪಾಲನ್ನು ಬೇಗ ಇತ್ಯರ್ಥಪಡಿಸುವುದು ವಾರಸುದಾರರ ಹಕ್ಕಿನ ಪ್ರಶ್ನೆಯೆಂದು ಉಲಮಾಗಳು ಹೇಳುತ್ತಲೇ ಇರುತ್ತಾರೆ. ಒಂದು ಕೇರಿಯ ಆಯುಸ್ಸಿನ ಪ್ರಶ್ನೆಯೂ ಅದರಲ್ಲಿದೆ.

ಇನ್ನೊಂದು ಅಪಾಯ ನೀರಿನದು. ಒಂದು ಕಾಲಕ್ಕೆ ಕುದುರೆ ಹಡಗುಗಳನ್ನು ಬರಮಾಡಿಕೊಂಡ ಶರಾಬಿ ಹೊಳೆ ಇಂದು ಹೂಳು ಮತ್ತು ಕೊಳಚೆಯಿಂದ ತುಂಬಿದೆ. ಗೌಸಿಯಾ ಸ್ಟ್ರೀಟ್ ಮೊದಲಾದ ಕಡೆ ಒಳಚರಂಡಿಯ ನೀರು ಸೇರಿ ಮನೆಮನೆಯ ಬಾವಿಗಳು ಕೆಟ್ಟಿವೆಯೆಂಬುದು ನಿವಾಸಿಗಳು ವರ್ಷಗಳಿಂದ ಹೇಳಿಕೊಳ್ಳುತ್ತಿರುವ ಅಹವಾಲು. 2022ರ ಆಗಸ್ಟ್ ಮೊದಲ ವಾರದ ಮಹಾಮಳೆಯಲ್ಲಿ ಹಳೆಯ ಪೇಟೆಯ ಅಂಗಡಿ, ಮನೆಗಳಿಗೆ ನೀರು ನುಗ್ಗಿತು. ಪ್ರವಾದಿಯವರು(ಸ) ದಾರಿಯಲ್ಲಿ ಕುಳಿತುಕೊಳ್ಳುವವರಿಗೆ ದಾರಿಯ ಹಕ್ಕನ್ನು ಸಲ್ಲಿಸಲು ಹೇಳಿದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನಿನ ಶಾಖೆಗಳಲ್ಲಿ ಸೇರಿಸಿದರು. ಖುತ್ಬಾಗಳಲ್ಲಿ ಈ ಹದೀಸನ್ನು ವಿವರಿಸುವಾಗ ಮುಳ್ಳು, ಕಲ್ಲುಗಳ ಉದಾಹರಣೆ ಕೊಡುತ್ತಾರೆ. ಕೇರಿಯ ಬಾವಿಗೆ ಸೇರುವ ಚರಂಡಿಯೂ ಅದರಲ್ಲಿ ಬರುವುದಿಲ್ಲವೇ?

ಮನೆ ಉರುಳಿದರೆ ಅದರೊಳಗಿನ ಕಾಗದವೂ ಹೋಗುತ್ತದೆ. ಈ ಲೇಖನದಲ್ಲಿ ಸಾಕ್ಷಿ ನುಡಿದವರನ್ನು ನೋಡಿ: ಒಬ್ಬ ಮೊರಾಕೊದವರು, ಒಬ್ಬ ಇಟಲಿಯವ, ಕೆಲವರು ಪೋರ್ಚುಗೀಸರು, ಒಬ್ಬ ಸ್ಕಾಟ್ಲೆಂಡಿನ ವೈದ್ಯ. ಕೇರಿಯವರದೇ ಮಾತು ಎಲ್ಲಿದೆ? ಅದು ನಿಕಾಹ್ ದಫ್ತರಗಳಲ್ಲಿ, ವಕ್ಫ್ ಪತ್ರಗಳಲ್ಲಿ, ಅಂಗಡಿಯ ಲೆಕ್ಕಪುಸ್ತಕಗಳಲ್ಲಿ, ಕೊಲಂಬೊದಿಂದ ಗಂಡ ಬರೆದ ನವಾಯತಿ ಪತ್ರಗಳಲ್ಲಿ, ಅಟ್ಟದ ಮೇಲಿನ ಮರದ ಪೆಟ್ಟಿಗೆಗಳಲ್ಲಿ ಇರುತ್ತದೆ. ಯಾವ ಹೆಣ್ಣಿಗೆ ಎಷ್ಟು ಮಹರ್ ಬರೆಯಲಾಯಿತು, ಯಾವ ಮನೆ ಯಾವ ಮಗಳ ಪಾಲಿಗೆ ಬಂತು, ಯಾವ ಬಾವಿಯನ್ನು ಯಾರು ವಕ್ಫ್ ಮಾಡಿದರು ಎಂಬುದನ್ನು ಬುಕಾನನ್ ಕೇಳಲಿಲ್ಲ. ಅವನಿಗೆ ಬೇಕಾಗಿಯೂ ಇರಲಿಲ್ಲ. ಕಡವಾಡದ ಪೇಟೆಯವರ ಇಂತಹ ಕಾಗದ ಒಂದೂ ನಮ್ಮ ಕೈಗೆ ಬಂದಿಲ್ಲ. ಅಲ್ಲಿ ಯಾರು ಬಾಳಿದರೆಂದು ತಿಳಿಯಲು ನಾವು ಕಂಪನಿಯ ಕೋಠಿಯವರ ಪತ್ರಗಳನ್ನೇ ಓದಬೇಕಾಗಿದೆ. ಅವುಗಳಲ್ಲಿ ಬಟ್ಟೆಯ ದರ ಇದೆ, ಮೆಣಸಿನ ತೂಕ ಇದೆ.

ರಂಝಾನ್ ಬಂದಾಗ ಸುಲ್ತಾನ್ ಸ್ಟ್ರೀಟಿನ ಕೆಲವು ಬೀಗಗಳು ತೆರೆಯುತ್ತವೆ. ಕೊಲ್ಲಿಯಿಂದ ಬಂದವರು ಹಳೆಯ ಮನೆಯ ಕಸ ಗುಡಿಸಿ, ಈದ್ ಕಳೆದ ಮೇಲೆ ಮತ್ತೆ ಬೀಗ ಹಾಕಿ ಕೀಲಿಯನ್ನು ನೆರೆಮನೆಯ ಹಿರಿಯ ಹೆಂಗಸಿನ ಕೈಗೆ ಕೊಟ್ಟು ಹೋಗುತ್ತಾರೆ. ಆ ಕೆಲವು ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಅಟ್ಟದ ಪೆಟ್ಟಿಗೆಗಾಗಿ ತೆಗೆದಿಡಬಹುದು. ಕಾಗದವನ್ನು ಬಿಸಿಲಿಗಿಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದು, ಮೂಲವನ್ನು ಒಣ ಜಾಗದಲ್ಲಿಡಲು ಹೆಚ್ಚು ಹೊತ್ತು ಬೇಕಾಗದು. ನವಾಯತಿ ಅಕ್ಷರ ಓದಲು ಬಾರದ ಮಕ್ಕಳು ಕೀಲಿ ಇಟ್ಟುಕೊಂಡಿರುವ ಆ ಅಜ್ಜಿಯಿಂದಲೇ ಓದಿಸಿ ಕೇಳಲಿ.